ಹಾಡಿಗೂ ಗಂಟೆ ಎಣಿಸಿದ ಅವರ್ ಮೀಟರ್: ಮೂರು ವರ್ಷದ ಬಳಕೆ

ಹೊಳಲ್ಕೆರೆ ಕಡೆ ಒಂದು ಅಡಿಕೆ ತೋಟದಲ್ಲಿ ನನ್ನ ಜೆಸಿಬಿಯಿಂದ ಕೃಷಿ ಹೊಂಡ ತೋಡ್ತಿದ್ವಿ. ಊಟದ ಹೊತ್ತಿಗೆ ಬುತ್ತಿ ತಗೊಳ್ಳೋಣ ಅಂತ ಕ್ಯಾಬಿನ್ ಹತ್ತಿದೆ. ಇಂಜಿನ್ ಬಂದ್. ಆಪರೇಟರ್ ಮೊಬೈಲ್ ಚಾರ್ಜಿಗೆ ಹಾಕಿ, ಸೀಟಿಗೆ ಒರಗಿ ಹಾಡು ಕೇಳ್ತಿದ್ದಾನೆ. ಇಂಜಿನ್ ಎಷ್ಟು ಗಂಟೆ ಓಡಿತು ಅಂತ ಎಣಿಸಬೇಕಾದ ಅವರ್ ಮೀಟರಿನ ಗಾಜಿನ ಮೂಲೆಯಲ್ಲಿರೋ ಪುಟ್ಟ ಚಕ್ರ ಮಾತ್ರ ಸುತ್ತುತ್ತಾನೇ ಇದೆ.

"ಏನಪ್ಪಾ, ಇಂಜಿನ್ ನಿಂತಿದೆ, ಇದ್ಯಾಕೆ ಓಡ್ತಿದೆ?"

"ಕೀ ಆನ್ ಐತಲ್ಲಣ್ಣ, ಅದಕ್ಕೇ."

ಅವನಿಗೆ ಗೊತ್ತಿತ್ತು. ಎರಡು ತಿಂಗಳಿಂದ ಗೊತ್ತಿಲ್ಲದೇ ಇದ್ದವನು ನಾನೊಬ್ಬನೇ.

ನಮ್ಮೂರಲ್ಲಿ ಮಣ್ಣು ಅಗೆಯೋ ಗಾಡಿ ಯಾವ ಕಂಪನಿದಾದರೂ ಜೆಸಿಬಿ ಅಂತಲೇ ಕರೀತಾರೆ. ನನ್ನದು ಸೆಕೆಂಡ್ ಹ್ಯಾಂಡ್ ಬ್ಯಾಕ್‌ಹೋ, ಅಂದರೆ ಹಿಂದೆ ಅಗೆಯೋ ತೋಳಿರೋದು. ಕೊಂಡಾಗ ಹಳೇ ಮೀಟರ್ 4,210 ಗಂಟೆಗೆ ನಿಂತಿತ್ತು. ಮಾರಿದವನು ಅಷ್ಟೇ ಓಡಿರೋದು ಅಂದ. ಪೆಡಲ್ ರಬ್ಬರ್ ಸವೆದು ತಗಡು ಕಾಣ್ತಿತ್ತು, ಬಕೆಟ್ ಪಿನ್ನು ಲಟಲಟ ಅಂತಿತ್ತು. ಮೀಟರ್ ಸುಳ್ಳು ಹೇಳಬಹುದು, ಪಿನ್ನು ಬುಷ್ಷು ಹೇಳಲ್ಲ. ಅದನ್ನೇ ತೋರಿಸಿ ರೇಟು ಇಳಿಸಿದೆ, ಆಮೇಲೆ ಬೆಂಗಳೂರಿನ ಜೆ.ಸಿ. ರೋಡಲ್ಲಿ 850 ರೂಪಾಯಿ ಕೊಟ್ಟು ಒಂದು ಕ್ವಾರ್ಟ್ಜ್ ಮೀಟರ್ ತಂದೆ. ಕಂಪನಿ ಹೆಸರು ಬೇಡ, ತಪ್ಪು ಅದರದ್ದಲ್ಲ ಅಂತ ಮುಂದೆ ಗೊತ್ತಾಗುತ್ತೆ.

ಈ ಮೀಟರಿಗೆ ಇಂಜಿನ್ ಅಂದರೇನು ಅಂತಲೇ ಗೊತ್ತಿಲ್ಲ. ಎರಡು ವೈರಿಗೆ ಕರೆಂಟ್ ಬಂದರೆ ಎಣಿಸುತ್ತೆ, ಹೋದರೆ ನಿಲ್ಲುತ್ತೆ, ಅಷ್ಟೇ. ನಮ್ಮ ಎಲೆಕ್ಟ್ರಿಷಿಯನ್ ಕೀ ಸ್ವಿಚ್ಚಿಗೆ ಕೊಟ್ಟುಬಿಟ್ಟಿದ್ದ. ಹಾಗಾಗಿ ಕೀ ತಿರುಗಿಸಿದ ಗಳಿಗೆಯಿಂದ ಹಾಡೂ ಗಂಟೆ, ಊಟವೂ ಗಂಟೆ. ಗಂಟೆಗೆ 1,200 ರೂಪಾಯಿ ಬಾಡಿಗೆ ತಗೋತೀನಿ. ಎರಡು ತಿಂಗಳಲ್ಲಿ ಯಾರ್ಯಾರ ಹತ್ತಿರ ಹಾಡಿನ ದುಡ್ಡು ಈಸ್ಕೊಂಡಿದ್ದೀನೋ! ಹೊಂಡದ ಯಜಮಾನರಿಗೆ ಆವತ್ತೇ ಒಂದು ಗಂಟೆ ಬಿಟ್ಟೆ. ಉಳಿದವರಿಗೆ ಬಿಡೋಕೆ ಲೆಕ್ಕವೇ ಸಿಗಲಿಲ್ಲ.

ಸರಿ ಮಾಡಿಸೋಣ ಅಂದರೆ ಅಲ್ಲೂ ಒಂದು ಪ್ರಹಸನ. ಆಯಿಲ್ ಪ್ರೆಶರ್ ಸ್ವಿಚ್ಚಿಗೆ ಕೊಟ್ಟರೆ ಇಂಜಿನ್ ಓಡಿದಾಗ ಮಾತ್ರ ಎಣಿಸುತ್ತೆ ಅಂತ ಗೊತ್ತಿತ್ತು, ಹಾಗೇ ಹೇಳಿದೆ. ಅವನು ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪದ ಸ್ವಿಚ್ಚಿಗೇ ಸೇರಿಸಿದ. ಆ ಸ್ವಿಚ್ಚು ಆಯಿಲ್ ಒತ್ತಡ ಇಲ್ಲದಾಗ ಕೂಡಿರುತ್ತೆ, ಅಂದರೆ ಕರೆಂಟ್ ಹರಿಯುತ್ತೆ; ಒತ್ತಡ ಬಂದಾಗ ಬಿಡುತ್ತೆ, ಕರೆಂಟ್ ನಿಲ್ಲುತ್ತೆ. ಇಂಜಿನ್ ಸ್ಟಾರ್ಟ್ ಆದಾಗ ಕೆಂಪು ದೀಪ ಆರೋದೇ ಹಾಗೆ. ಪರಿಣಾಮ, ಗಾಡಿ ಸ್ಟಾರ್ಟ್ ಆದ ತಕ್ಷಣ ಮೀಟರ್ ನಿಂತಿತು! ಕೆಲಸ ಮಾಡುವಾಗ ಸುಮ್ಮನಿದ್ದು, ಬರೀ ಕೀ ಆನ್ ಇದ್ದಾಗ ಓಡೋದು. ಆಪರೇಟರ್ ನಕ್ಕಿದ್ದು ನಕ್ಕಿದ್ದೇ. ಕೊನೆಗೆ ಅದೇ ಜಾಗಕ್ಕೆ ಟೀ ಜಾಯಿಂಟ್ ಹಾಕಿ, ಒತ್ತಡ ಬಂದಾಗ ಕೂಡುವ ಬೇರೆ ಸ್ವಿಚ್ ಕೂರಿಸಿದ ಮೇಲೆ ಸರಿಹೋಯ್ತು. ಆವತ್ತಿಂದ ಒಂದು ದಿನವೂ ತಪ್ಪಿಲ್ಲ. ಮೊಬೈಲ್ ಗಡಿಯಾರ ಇಟ್ಟು ಎರಡು ಸಲ ತಾಳೆ ನೋಡಿದ್ದೀನಿ.

ಈಗ ಬೆಳಿಗ್ಗೆ ಕೆಲಸದಲ್ಲಿ ನನಗೆ ಇಷ್ಟವಾದದ್ದು ಇದೇ. ಡಿಪ್‌ಸ್ಟಿಕ್ ನೋಡಿ, ಪಿನ್ನುಗಳಿಗೆ ಗ್ರೀಸ್ ಹೊಡೆದು, ಟವೆಲ್ ತುದಿಯಿಂದ ಮೀಟರ್ ಗಾಜಿನ ಕೆಂಧೂಳು ಒರೆಸ್ತೀನಿ. ಅಂಕಿ ಜೋರಾಗಿ ಓದಿ ಜೇಬಿನ ಡೈರಿಗೆ ಬರೀತೀನಿ. ಗಿರಾಕಿ ಅಲ್ಲೇ ಇದ್ದರೆ ಅವರ ಕೈಲೂ ಓದಿಸ್ತೀನಿ. ಸಂಜೆ ಆಪರೇಟರ್ ವಾಟ್ಸಾಪಲ್ಲಿ ಫೋಟೋ ಹಾಕ್ತಾನೆ. 250 ಗಂಟೆ ದಾಟಿದರೆ ಇಂಜಿನ್ ಆಯಿಲ್ ಬದಲಿಸ್ತೀನಿ, ಮೊದಲಿನ ಹಾಗೆ "ಹಬ್ಬಕ್ಕೆ ಮುಂಚೆ ಹಾಕಿಸಿದ್ವಲ್ಲ" ಅನ್ನೋ ಲೆಕ್ಕ ಇಲ್ಲ. ಆಯುಧಪೂಜೆ ದಿನ ಹೆಲ್ಪರ್ ಹುಡುಗ ಅಂಕಿಗಳ ಮೇಲೇ ಕುಂಕುಮ ಇಡ್ತಾನೆ. ಮಾರನೇ ದಿನ ಓದೋಕೆ ಮತ್ತೆ ಟವೆಲ್ ಬೇಕು.

ಜಗಳ ಪೂರ್ತಿ ನಿಂತಿಲ್ಲ. ಕೊನೇ ಅಂಕಿ ಗಂಟೆಯ ಹತ್ತನೇ ಒಂದು ಭಾಗ, ಅಂದರೆ 6 ನಿಮಿಷ. 2.3 ಅಂದರೆ ಎರಡು ಗಂಟೆ ಹದಿನೆಂಟು ನಿಮಿಷ. ಗಿರಾಕಿ ಕಣ್ಣಿಗೆ ಅದು ಎರಡು ಗಂಟೆ ಮೂರು ನಿಮಿಷ. "ಮೂರು ನಿಮಿಷಕ್ಕೆ 360 ರೂಪಾಯಾ?" ಅಂತ ಒಬ್ಬರು ಯಜಮಾನರು ಟೀ ಅಂಗಡಿ ಮುಂದೆ ಪಂಚಾಯ್ತಿ ಸೇರಿಸಿದ್ರು. ಅವರ ಮೊಮ್ಮಗಳು ಏಳನೇ ಕ್ಲಾಸು, ದಶಮಾಂಶ ಅಂತ ಬಿಡಿಸಿ ಹೇಳಿದ ಮೇಲೆ ಕೊಟ್ಟರು, ಅದೂ 300.

ಇನ್ನೊಂದು ಕೊರತೆಗೆ ಈ ಮೀಟರಲ್ಲಿ ಮದ್ದಿಲ್ಲ. ಟಿಪ್ಪರ್ ಬರೋವರೆಗೂ ಗಾಡಿ ಸುಮ್ಮನೆ ಗುರ್ ಅಂತ ನಿಂತಿದ್ದರೂ ಗಂಟೆ ಗಂಟೆಯೇ, ಬಂಡೆ ಎಬ್ಬಿಸಿದರೂ ಗಂಟೆಯೇ. ಅಪ್ಪನ ಹಳೇ ಟ್ರ್ಯಾಕ್ಟರಲ್ಲಿ ಕೇಬಲ್ಲಿಂದ ಇಂಜಿನ್ ಸುತ್ತು ಎಣಿಸುವ ಮೀಟರ್ ಇತ್ತು. ನಿಗದಿ ವೇಗದಲ್ಲಿ ಓಡಿದರೆ ಮಾತ್ರ ಅದಕ್ಕೆ ಪೂರ್ತಿ ಗಂಟೆ, ನಿಧಾನಕ್ಕೆ ಓಡಿದರೆ ಅದೂ ನಿಧಾನ. ಬಾಡಿಗೆ ಲೆಕ್ಕಕ್ಕೆ ಅದು ಆಗಿಬರಲ್ಲ, ಆದರೆ ಸರ್ವಿಸ್ ಲೆಕ್ಕಕ್ಕೆ ಅದರಷ್ಟು ನ್ಯಾಯ ಇದಕ್ಕಿಲ್ಲ. ಹೊಸ ಗಾಡಿಗಳಲ್ಲಿ ಕೆಲಸದ ಗಂಟೆ ಬೇರೆ, ಐಡಲ್ ಗಂಟೆ ಬೇರೆ ಅಂತ ಮೊಬೈಲಿಗೇ ಬರುತ್ತೆ. ಆ ಗಾಡಿ ಕೊಳ್ಳೋ ದುಡ್ಡಿದ್ದರೆ ನಾನು 850ರ ಮೀಟರಿಗೆ ವಿಮರ್ಶೆ ಬರೀತಾ ಕೂರ್ತಿರಲಿಲ್ಲ.

ವಾಟರ್ ಸರ್ವಿಸಿನವರಿಗೆ ಗನ್ ಮೀಟರ್ ಕಡೆ ತಿರುಗಿಸಬೇಡಿ ಅನ್ನಿ. ಒಂದ್ಸಲ ನನ್ನದರ ಒಳಗೆ ಆವಿ ಕೂತು, ಕೊನೇ ಅಂಕಿ 3ಓ 8ಓ ಅಂತ ವಾರ ಪೂರ್ತಿ ಗೊಂದಲ.

ಕೊಳ್ಳೋರು ಅಂಗಡಿಯಲ್ಲೇ ಸ್ವಿಚ್ಚನ್ನೂ ಕೇಳಿ ತಗೊಳ್ಳಿ, ದೀಪದ್ದಲ್ಲ, ಒತ್ತಡ ಬಂದಾಗ ಕೂಡೋದು. ನನ್ನದು ಇವತ್ತು ಬೆಳಿಗ್ಗೆ 3,118.6. ಇದನ್ನು ಸೊನ್ನೆಗೆ ತಿರುಗಿಸೋಕೆ ಬರಲ್ಲ, ಹಾಗಾಗಿ ಆ ಎರಡು ತಿಂಗಳ ಹಾಡೂ ಅದರೊಳಗೇ ಇದೆ.