ಎಂಎಲ್ ಬಟನ್ ಮರೆತುಬಿಡಿ, ಮೆಷಿನ್ ಚೆನ್ನಾಗಿದೆ

ಅಡುಗೆಮನೆಗೆ ಡಿಜಿಟಲ್ ತೂಕದ ಮೆಷಿನ್ ತಗೊಳ್ಳುವವರಿಗೆ ಒಂದು ಮಾತು. ಬಾಕ್ಸ್ ಮೇಲೆ ‘ಗ್ರಾಂ ಮತ್ತು ಎಂಎಲ್’ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದನ್ನು ನೋಡಿ ಎಣ್ಣೆ ಅಳೆಯೋಕೆ ಅಂತಲೇ ತಗೊಳ್ಳಬೇಡಿ.

ನನ್ನದು 5 ಕೆಜಿ ತನಕ ತೂಗುವ ಮಾಮೂಲಿ ಮೆಷಿನ್. 1 ಗ್ರಾಂ ವ್ಯತ್ಯಾಸವನ್ನೂ ತೋರಿಸುತ್ತದೆ, ತೂಕದಲ್ಲಿ ದೂರೇ ಇಲ್ಲ. ಆದರೆ ಎಂಎಲ್ ಬಟನ್ ಒತ್ತಿದರೆ, ಪಾತ್ರೆಯಲ್ಲಿ ಏನೇ ಇರಲಿ, ಅದು ನೀರು ಅಂತಲೇ ಲೆಕ್ಕ. 100 ಗ್ರಾಂ ಇದ್ದರೆ 100 ಎಂಎಲ್ ಅನ್ನುತ್ತದೆ ಅಷ್ಟೆ. ಎಣ್ಣೆ ನೀರಿಗಿಂತ ಹಗುರ, ಅದಕ್ಕೇ ಅಲ್ವಾ ಮೇಲೆ ತೇಲುವುದು? ಮೆಷಿನ್ ಮಾತು ನಂಬಿ 100 ಎಂಎಲ್ ಬರುವ ತನಕ ಸುರಿದರೆ ನಿಜವಾಗಿ ಬೀಳುವುದು 109 ಎಂಎಲ್ ಹತ್ತಿರ. ಅರ್ಧ ಲೀಟರ್ ಅಳೆಯಲು ಹೋದರೆ 40 ಎಂಎಲ್‌ಗಿಂತ ಜಾಸ್ತಿ ಹೋಗಿರುತ್ತದೆ. ಕೆಲವು ಮೆಷಿನ್‌ಗಳಲ್ಲಿ ಹಾಲಿಗೆ ಅಂತ ಬೇರೆ ಸೆಟ್ಟಿಂಗ್ ಇರುತ್ತದೆ, ಎಣ್ಣೆಗೆ ಅದು ಇನ್ನೂ ಕೆಟ್ಟದು, ಯಾಕೆಂದರೆ ಹಾಲು ನೀರಿಗಿಂತ ಸ್ವಲ್ಪ ಭಾರ.

ಹಾಗಾದರೆ ಏನು ಮಾಡಬೇಕು? ಗ್ರಾಂನಲ್ಲೇ ಇಡಿ, 0.92 ಅನ್ನೋ ಒಂದು ಸಂಖ್ಯೆ ನೆನಪಿಟ್ಟುಕೊಳ್ಳಿ, ಒಂದು ಎಂಎಲ್ ಎಣ್ಣೆ ತೂಗುವುದು ಸುಮಾರು ಅಷ್ಟು ಗ್ರಾಂ. ಎಂಎಲ್ ಅನ್ನು 0.92ರಿಂದ ಗುಣಿಸಿದರೆ ಗ್ರಾಂ, ಗ್ರಾಂ ಅನ್ನು 0.92ರಿಂದ ಭಾಗಿಸಿದರೆ ಎಂಎಲ್. ಸೂರ್ಯಕಾಂತಿ, ಕಡಲೆಕಾಯಿ, ಎಳ್ಳು, ಆಲಿವ್ ಎಲ್ಲವೂ 0.91ರಿಂದ 0.92ರ ಆಸುಪಾಸಿನಲ್ಲೇ ಇವೆ. ಒಂದೊಂದು ಎಣ್ಣೆಗೆ ಒಂದೊಂದು ಪಟ್ಟಿ ಹುಡುಕುತ್ತಾ ಕೂರುವುದು ಸುಮ್ನೆ ಟೈಮ್ ವೇಸ್ಟ್. 15 ಎಂಎಲ್‌ನ ದೊಡ್ಡ ಚಮಚ ಅಂದರೆ ಸುಮಾರು 14 ಗ್ರಾಂ, 5 ಎಂಎಲ್‌ನ ಚಿಕ್ಕದು ನಾಲ್ಕೂವರೆ ಗ್ರಾಂ. ಒಂದು ಲೀಟರ್ ಸುಮಾರು 920 ಗ್ರಾಂ, ಒಂದು ಕೆಜಿ ಎಣ್ಣೆ ಅಂದರೆ 1.09 ಲೀಟರ್. ಕ್ಯಾಲೊರಿ ಲೆಕ್ಕ ಇಡುವವರಿಗಂತೂ ಗ್ರಾಂ ಬೇಕೇ ಬೇಕು, ಎಣ್ಣೆಯ ಪ್ರತಿ ಗ್ರಾಂಗೆ 9 ಕ್ಯಾಲೊರಿ.

ಬಿಸಿಯಾದರೆ ಎಣ್ಣೆ ಹಿಗ್ಗುತ್ತದೆ. 20 ಡಿಗ್ರಿಯಲ್ಲಿ 920 ಗ್ರಾಂ ತೂಗುವ ಒಂದು ಲೀಟರ್ 40 ಡಿಗ್ರಿಯಲ್ಲಿ 907ರ ಹತ್ತಿರ ಬರುತ್ತದೆ. ಅಡುಗೆಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಗಟ್ಟಿಯಾದ ಕೊಬ್ಬರಿ ಎಣ್ಣೆಯನ್ನು ಕಪ್‌ನಲ್ಲಿ ಅಳೆದರೆ ಮಧ್ಯೆ ಗಾಳಿ ಉಳಿದು ಕಡಿಮೆ ಬೀಳುತ್ತದೆ, ಅಲ್ಲಿ ತೂಕವೇ ವಾಸಿ. ಇನ್ನು ಕಪ್ ಅಂದರೂ ಒಂದೇ ಅಲ್ಲ, 240 ಎಂಎಲ್‌ದೂ ಇದೆ, 250ರದ್ದೂ ಇದೆ.

ಈ ಮೆಷಿನ್‌ನಲ್ಲಿ ನನಗೆ ಅತಿ ಇಷ್ಟವಾದದ್ದು ಟೇರ್ ಬಟನ್, ಅಂದರೆ ಮೇಲೆ ಏನೇ ಇಟ್ಟಿದ್ದರೂ ತೂಕವನ್ನು ಸೊನ್ನೆ ಮಾಡುವ ಬಟನ್. ಬಾಟಲಿಯನ್ನೇ ಮೇಲಿಟ್ಟು ಸೊನ್ನೆ ಮಾಡಿ. ಬೇಕಾದಷ್ಟು ಬಾಣಲೆಗೆ ಸುರಿದು ಬಾಟಲಿ ವಾಪಸ್ ಇಡಿ. ಮೈನಸ್ 28 ಅಂತ ಬಂದರೆ 28 ಗ್ರಾಂ ಹೋಗಿದೆ, ಅಂದರೆ ಎರಡು ದೊಡ್ಡ ಚಮಚ. ಚಮಚಕ್ಕೆ ಅಂಟಿಕೊಂಡು ಉಳಿಯುವ ಎಣ್ಣೆಯ ತಲೆನೋವಿಲ್ಲ, ತೊಳೆಯುವ ಕೆಲಸವೂ ಇಲ್ಲ!

ಒಂದೆರಡು ಕಿರಿಕಿರಿ ಇವೆ. ಸೊನ್ನೆಯಿಂದ ಶುರುಮಾಡಿ ಹನಿಹನಿಯಾಗಿ ಹಾಕಿದರೆ ಮೊದಲ ಒಂದೆರಡು ಗ್ರಾಂ ಗಮನಿಸುವುದೇ ಇಲ್ಲ, ಹಾಗಾಗಿ ಒಂದೇ ಸಲ ಸುರಿಯಬೇಕು. ಸ್ವಲ್ಪ ಹೊತ್ತು ಮುಟ್ಟದಿದ್ದರೆ ತಾನೇ ಆಫ್ ಆಗುತ್ತದೆ, ಇಟ್ಟ ಸೊನ್ನೆಯೂ ಹೋಗುತ್ತದೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ, ಎಂಎಲ್ ಬಟನ್ ಪಕ್ಕ ‘ನೀರಿಗೆ ಮಾತ್ರ’ ಅಂತ ಅಚ್ಚು ಹಾಕಿದ್ದರೆ ಐದೂ ಕೊಡುತ್ತಿದ್ದೆ.