ಸ್ಟಿಕ್ಕರ್ ನೋಡಿ ಕೂಸಿನ ಬಟ್ಟೆ ತಗೋಬೇಡಿ

ದಾವಣಗೆರೆಯಲ್ಲಿ ಮಕ್ಕಳ ಬಟ್ಟೆ ತಗೊಳ್ಳೋರು ಇದನ್ನು ಓದಿ. ಅದರಲ್ಲೂ ತೊಟ್ಟಿಲಿಗೆ, ಹೆಸರಿಡೋ ಕಾರ್ಯಕ್ಕೆ ಅಂತ ಬಟ್ಟೆ ಒಯ್ಯೋರು ಪೂರ್ತಿ ಓದಿ. ನನಗೆ ಇನ್ನೂ ಸಿಟ್ಟು ಇಳಿದಿಲ್ಲ, ಬರೆದದ್ದು ಹಿಂದುಮುಂದಾದರೆ ಸುಧಾರಿಸಿಕೊಳ್ಳಿ.

ತಮ್ಮನ ಮಗಳಿಗೆ ಹೆಸರಿಡೋ ಕಾರ್ಯ ಚಿತ್ರದುರ್ಗದಲ್ಲಿ, ಅವನ ಹೆಂಡತಿಯ ತವರಿನಲ್ಲಿ. ನಾನು ಸೋದರತ್ತೆ. ಬಟ್ಟೆ ನಾನೇ ಒಯ್ಯಬೇಕು ಅಲ್ವಾ. ಕೂಸಿಗೆ ಮೂರು ತಿಂಗಳು ತುಂಬಿ ನಾಲ್ಕರಲ್ಲಿ ಬಿದ್ದಿತ್ತು. ಮಂಡಿಪೇಟೆ ಕಡೆಯ ಒಂದು ಅಂಗಡಿಗೆ ಹೋದೆ, ಹೆಸರು ಇಲ್ಲಿ ಬೇಡ. ಕೌಂಟರಿನಲ್ಲಿದ್ದವರಿಗೆ ವಯಸ್ಸು ಹೇಳಿದೆ, ತೂಕ ಹೇಳಿದೆ, ತಲೆ ಸ್ವಲ್ಪ ದುಂಡಗಿದೆ ಅಂತಲೂ ಹೇಳಿದೆ. ಎರಡು ಫ್ರಾಕ್ ತೆಗೆದಿಟ್ಟರು. ಎರಡರ ಕುತ್ತಿಗೆ ಪಟ್ಟಿಯ ಮೇಲೂ 3-6 ತಿಂಗಳು ಅಂತ ಬಿಳಿ ಸ್ಟಿಕ್ಕರ್. ಒಂದು ಕಣ್ಣಿಗೇ ಚಿಕ್ಕದು ಅನ್ನಿಸಿ ಕೇಳಿದ್ದಕ್ಕೆ, "ಹೊಸೆರಿ ಬಟ್ಟೆ ರೀ ಅಕ್ಕಾರೆ, ಎಳೀತದೆ. ಸೈಜ್ ಬರ್ದೇ ಇದೆಯಲ್ರಿ, ಕಣ್ಮುಚ್ಚಿ ತಗಳ್ರಿ" ಅಂದರು. ದೊಡ್ಡ ಫ್ರಾಕಿಗೆ 850 ರೂಪಾಯಿ. ಚಿಕ್ಕದಕ್ಕೆ 650.

ಈಗ ಕಾರ್ಯದ ಮನೆಗೆ ಬರೋಣ. ನಡುಮನೆ ತುಂಬ ಜನ, ತೊಟ್ಟಿಲು ಸಿಂಗಾರ ಆಗಿದೆ, ಎಲ್ಲರೂ "ಅತ್ತೆ ತಂದ ಬಟ್ಟೆ ಹಾಕ್ರಿ" ಅಂತ ಅವಸರ ಮಾಡುತ್ತಿದ್ದಾರೆ. ಮೊದಲನೇ ಫ್ರಾಕಿಗೆ ತಲೆಯೇ ಹೋಗಲಿಲ್ಲ. ಹೋಗಲೇ ಇಲ್ಲ. ಹಿಂದೆ ಗುಂಡಿ ಇಲ್ಲ, ಭುಜದ ಮೇಲೆ ಟಿಚ್ ಬಟನ್ ಇಲ್ಲ, ಕುತ್ತಿಗೆ ಇಷ್ಟೇ ಇಷ್ಟು. ಕೂಸಿನ ಕಿವಿ ಕೆಂಪಾಯಿತು, ಅದು ಚೀರಿ ಚೀರಿ ಅತ್ತಿತು, ಕೊನೆಗೆ ತಮ್ಮನ ಹೆಂಡತಿಯೇ ನನ್ನ ಕೈಯಿಂದ ಬಿಡಿಸಿಕೊಂಡಳು. ಎರಡನೆಯದು ಹಾಕಿದರೆ ಭುಜ ಜಾರಿ ಹೊಟ್ಟೆಗೆ ಬಂತು, ಕಾಲು ಎಲ್ಲಿವೆ ಅಂತ ಹುಡುಕಬೇಕು. ಬೀಗರ ಕಡೆಯ ಒಬ್ಬ ಅಜ್ಜಿ ಎಲ್ಲರಿಗೂ ಕೇಳಿಸೋ ಹಾಗೆ "ಅತ್ತೆ ಕೂಸನ್ನ ನೋಡೇ ಇಲ್ಲೇನೋ ಪಾಪ" ಅಂದರು. ಕೂಸು ಹಳೇ ಜಬಲಾದಲ್ಲೇ ತೊಟ್ಟಿಲಿಗೆ ಬಿತ್ತು. ಹೆಸರು ಕರೆಯುವಾಗ ಸೋದರತ್ತೆ ಬೆನ್ನಿಗೆ ಗುದ್ದು ಬೀಳೋದು ಪದ್ಧತಿ, ಅವತ್ತು ಮಾತ್ರ ಸ್ವಲ್ಪ ಜಾಸ್ತಿನೇ ಬಿದ್ದ ಹಾಗಿತ್ತು.

ಅಸಲಿ ವಿಷಯ ಗೊತ್ತಾಗಿದ್ದು ಸಂಜೆ. ಚಿಕ್ಕ ಫ್ರಾಕ್ ಮಡಚುವಾಗ ಸ್ಟಿಕ್ಕರಿನ ಒಂದು ಮೂಲೆ ಎದ್ದಿತ್ತು. ಉಗುರಲ್ಲಿ ಕಿತ್ತೆ. ಗೋಂದಿನ ಕೆಳಗೆ ಕಂಪನಿ ಹೊಲಿದ ಪಟ್ಟಿ, ಅದರಲ್ಲಿ ದಾರದಲ್ಲಿ ನೇಯ್ದ 0. ದೊಡ್ಡದರ ಸ್ಟಿಕ್ಕರನ್ನೂ ಕಿತ್ತೆ. ಅದರಲ್ಲಿ 18. ನಮ್ಮ ಕಡೆ ಅಂಗಡಿಗಳಲ್ಲಿ ಫ್ರಾಕಿಗೆ 16, 18, 20 ಅಂತ ನಂಬರ್ ಇರುತ್ತಲ್ಲ, ಅದು ಉದ್ದದ ಇಂಚು. ಟೇಪ್ ಹಿಡಿದೆ. ಭುಜದಿಂದ ಕೆಳಗಿನ ಅಂಚಿನವರೆಗೆ ಒಂದು 13 ಇಂಚು, ಇನ್ನೊಂದು 18. ಐದು ಇಂಚು ವ್ಯತ್ಯಾಸ, ಎರಡಕ್ಕೂ ಒಂದೇ ಸ್ಟಿಕ್ಕರ್! ಕಂಪನಿ ಬರೆದದ್ದನ್ನು ಮುಚ್ಚಿ ಅಂಗಡಿಯವರು ತಮಗೆ ತಿಳಿದ ವಯಸ್ಸು ಅಂಟಿಸಿದ್ದಾರೆ.

ದಾವಣಗೆರೆಗೆ ಬಂದವಳೇ ಅಂಗಡಿಗೆ ಹೋದೆ. ಅವರ ಉತ್ತರ ಕೇಳಿ.

"ಕೂಸು ದಪ್ಪ ಇರ್ಬೇಕ್ರಿ." ದಪ್ಪ ಇಲ್ಲ, ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಸರಿಯಾಗೇ ಇದೆ ಅಂದೆ. ದಪ್ಪ ಇದ್ದರೆ ಎರಡನೇ ಫ್ರಾಕ್ ಯಾಕೆ ಜೋತು ಬಿತ್ತು? "ಅದು ಬೇರೆ ಕಂಪನಿದು ರೀ, ಒಂದೊಂದು ಕಂಪನಿದು ಒಂದೊಂದು ಥರ ಬರ್ತದೆ." ಹಾಗಾದರೆ ಎರಡಕ್ಕೂ ಒಂದೇ ಸ್ಟಿಕ್ಕರ್ ಯಾಕೆ ಹಚ್ಚಿದಿರಿ? "ಗಿರಾಕಿಗೆ ತಿಳೀಲಿ ಅಂತ." ಇದೇ ಮಾತು, ಮುಖದಲ್ಲಿ ಒಂದು ಗೆರೆ ಬದಲಾಗಲಿಲ್ಲ. ಸೊನ್ನೆ ಅಂದ್ರೆ ಆಗ ಹುಟ್ಟಿದ ಕೂಸಿಗಲ್ವಾ ಅಂದರೆ, "ಆ ಕಂಪನಿಗೆ ಸೊನ್ನೆ ಅಂದ್ರೆ ಮೂರರಿಂದ ಆರೇ ರೀ." ಆಮೇಲೆ ಬಿಲ್ ತಿರುಗಿಸಿ ಕೆಳಗಿನ ಸಾಲಿಗೆ ಬೆರಳಿಟ್ಟರು. ಮಾರಿದ ಮಾಲು ವಾಪಸ್ ಇಲ್ಲ.

ದೋಷ ಇರೋ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ ವಾಪಸ್ ತಗೊಳ್ಳದೇ ಇರೋದು 2019ರ ಗ್ರಾಹಕರ ಕಾಯ್ದೆ ಪ್ರಕಾರ ಅನುಚಿತ ವ್ಯಾಪಾರ. ಇನ್ನೊಂದು, 2022ರಲ್ಲಿ ಅಳತೆ ಮತ್ತು ತೂಕದ ನಿಯಮ ತಿದ್ದಿದಾಗ, ಪ್ಯಾಕ್ ಮಾಡದೆ ಬಿಡಿಯಾಗಿ ಮಾರೋ ರೆಡಿಮೇಡ್ ಬಟ್ಟೆಗೂ ಸೈಜಿನ ಗುರುತಿನ ಜೊತೆ ಸೆಂಟಿಮೀಟರಿನಲ್ಲೋ ಮೀಟರಿನಲ್ಲೋ ಅಳತೆ ಇರಬೇಕು ಅಂತ ಮಾಡಿದ್ದಾರೆ. ಇದನ್ನೂ ಹೇಳಿದೆ. "650 ರೂಪಾಯಿಗೆ ಕೋರ್ಟಿಗೆ ಹೋಗ್ರಿ ಹಂಗಾರೆ" ಅಂದು ಪಕ್ಕದ ಗಿರಾಕಿಗೆ ಲಂಗ ಬಿಡಿಸಿ ತೋರಿಸೋಕೆ ಶುರು ಮಾಡಿದರು. ಆ ಗಿರಾಕಿಯೂ ನನ್ನನ್ನೇ ಜಗಳಗಂಟಿ ಥರ ನೋಡಿದರು.

ವಯಸ್ಸು ಬರೆದರೆ ಅಳತೆ ಬರೆದ ಹಾಗೆ ಅಂತ ಇವರಿಗೆ ಯಾರು ಹೇಳಿಕೊಟ್ಟರೋ. ಡಬ್ಲ್ಯೂಎಚ್‌ಒ 2006ರ ಬೆಳವಣಿಗೆ ಪಟ್ಟಿ ಪ್ರಕಾರ ಹೆಣ್ಣುಕೂಸಿನ ಉದ್ದ ಮೂರು ತಿಂಗಳಿಗೆ ಸುಮಾರು 60 ಸೆಂಟಿಮೀಟರ್, ಆರಕ್ಕೆ 66ರ ಹತ್ತಿರ. ಅದೂ ಸರಾಸರಿ. ಯುರೋಪಿನ ಎಷ್ಟೋ ಕಡೆ ಬಟ್ಟೆಗೆ 62, 68, 74 ಅಂತ ಕೂಸಿನ ಉದ್ದದ ಸೆಂಟಿಮೀಟರನ್ನೇ ಸೈಜಾಗಿ ಬರೆಯುತ್ತಾರೆ, ತಲೆನೋವೇ ಇಲ್ಲ. ನಮ್ಮಲ್ಲಿ ಫ್ಯಾಷನ್ ಕಲಿಸೋ ಸರ್ಕಾರಿ ಸಂಸ್ಥೆ ನಿಫ್ಟ್‌ನವರು ಇಂಡಿಯಾಸೈಜ್ ಅಂತ ದೇಶದ ಜನರ ಮೈ ಅಳತೆ ಯೋಜನೆ ಹಾಕಿಕೊಂಡರು, ಅದೂ 15ರಿಂದ 65 ವರ್ಷದವರಿಗೆ. ಕೂಸುಗಳು ಲೆಕ್ಕಕ್ಕೇ ಇಲ್ಲ. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಲ್ಲಿ ಕೂತು ಒಂದು ಫ್ರಾಕಿನ ಅಳತೆಗೆ ಇಷ್ಟು ಹೊಡೆದಾಡಬೇಕಾ ಅಂತ ನನಗೆ ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತಿದೆ.

ಕೊನೆಗೆ ಸಿಕ್ಕಿದ್ದು ಒಂದು ಚೀಟಿ. ಅದೇ ರೇಟಿನ ಬೇರೆ ಮಾಲು ತಗೋಬೇಕು, ದುಡ್ಡು ವಾಪಸ್ ಇಲ್ಲ, ಅದೂ ಚಿಕ್ಕ ಫ್ರಾಕಿಗೆ ಮಾತ್ರ. ದೊಡ್ಡದಕ್ಕೆ "ಬೆಳೆದ ಮೇಲೆ ಹಾಕ್ಕಳ್ತದೆ ಬಿಡ್ರಿ" ಅಂದರು. ನಾನು 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ, ಗ್ರಾಹಕರ ಸಹಾಯವಾಣಿ ಅದು. ನೋಡೋಣ ಏನಾಗುತ್ತೆ.

ನೀವು ಹೋದರೆ ಕೂಸಿಗೆ ಸರಿಯಾಗಿ ಆಗೋ ಒಂದು ಹಳೇ ಅಂಗಿ ಚೀಲದಲ್ಲಿ ಹಾಕಿಕೊಂಡು ಹೋಗಿ, ಹೊಸದರ ಮೇಲೆ ಇಟ್ಟು ನೋಡಿ. ಭುಜದ ಮೇಲೋ ಹಿಂದೆಯೋ ಬಟನ್ ಇಲ್ಲದ್ದನ್ನು ಮುಟ್ಟಲೇಬೇಡಿ. ಬಿಲ್ ಬಿಡಬೇಡಿ. ಮುಖ್ಯವಾಗಿ ಸ್ಟಿಕ್ಕರ್ ಇದ್ದರೆ ಕಿತ್ತು ನೋಡಿ, ಅಂಗಡಿಯವರ ಕಣ್ಣೆದುರೇ ಕೀಳಿ. "ಹಾಳಾಗ್ತದ್ರಿ ಮಾಲು" ಅಂತ ಕಿರುಚಿದರೆ ಎದ್ದು ಪಕ್ಕದ ಅಂಗಡಿಗೆ ಹೋಗಿ.