ಕೆಂಪು ಅಂಚಿನ ಬ್ರಾಡ್‌ಶಾ ಕಾರ್ಡ್: ದುಡ್ಡು ಕೊಡುವ ಮುಂಚೆ ಪಕ್ಕದಿಂದ ನೋಡಿ

ಯಾರಾದರೂ 1971ರ ಟಾಪ್ಸ್ ಫುಟ್‌ಬಾಲ್ ಕಾರ್ಡ್, ಅಂದರೆ ಟಾಪ್ಸ್ ಕಂಪನಿ ಆಟಗಾರರ ಚಿತ್ರ ಹಾಕಿ ಅಚ್ಚು ಮಾಡಿದ ರಟ್ಟಿನ ಕಾರ್ಡ್, ಮಾರಲು ಬಂದರೆ ಮೊದಲು ಅದರ ಮುಖ ನೋಡಬೇಡಿ. ಕವರಿನಿಂದ ಹೊರಗೆ ತೆಗೆಸಿ. ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿದು ಅದರ ದಪ್ಪ ನೋಡಿ, ಅಂದರೆ ಪುಸ್ತಕ ಮುಚ್ಚಿದಾಗ ಹಾಳೆಗಳ ಅಂಚು ಕಾಣುತ್ತಲ್ಲ, ಆ ಭಾಗ. ಹೊರಗೆ ತೆಗೆಯಲು ಬಿಡದಿದ್ದರೆ ಥ್ಯಾಂಕ್ಸ್ ಹೇಳಿ ಮುಂದಿನ ಮೇಜಿಗೆ ಹೋಗಿ. ನನ್ನ ಐನೂರು ಚಿಲ್ಲರೆ ಡಾಲರ್ ಹೋಗಿದ್ದು ಇದೇ ವಿಷಯದಲ್ಲಿ. ಪಿಟ್ಸ್‌ಬರ್ಗ್, ಕ್ಲೀವ್‌ಲ್ಯಾಂಡ್ ಕಡೆ ಇರುವ ನಮ್ಮವರಲ್ಲಿ ಈ ಹುಚ್ಚು ಹತ್ತಿಸಿಕೊಂಡವರು ಒಬ್ಬಿಬ್ಬರಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಊರಲ್ಲಿ ಕೂತು ಓದುವವರಿಗೆ ಒಂದು ಮಾತು. ಇದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು, ಎದುರು ಬಂದವರನ್ನು ಗುದ್ದಿಕೊಂಡು ಓಡುವ ಅಮೆರಿಕದ ಆಟ. ಪಿಟ್ಸ್‌ಬರ್ಗ್‌ನಲ್ಲಿದ್ದು ಸ್ಟೀಲರ್ಸ್ ತಂಡದ ಬಗ್ಗೆ ತಲೆ ಕೆಡಿಸಿಕೊಳ್ಳದೇ ಇರುವುದು ಕಷ್ಟ. ಸೀಸನ್ ಶುರುವಾದರೆ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನದ ಪಾರ್ಕಿಂಗ್‌ನಲ್ಲೂ ಹಳದಿ-ಕಪ್ಪು ಜರ್ಸಿ ಕಾಣುತ್ತದೆ.

ಆ ತಂಡದ ದೊಡ್ಡ ಹೆಸರು ಟೆರಿ ಬ್ರಾಡ್‌ಶಾ. 1970ರಲ್ಲಿ, ತಂಡಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, ಇಡೀ ದೇಶಕ್ಕೆ ಮೊದಲನೆಯವನಾಗಿ ಆಯ್ಕೆಯಾದ. ನಾಲ್ಕು ಸೂಪರ್ ಬೌಲ್, ಅಂದರೆ ಸೀಸನ್ನಿನ ಫೈನಲ್, ಗೆದ್ದ. 1989ರಲ್ಲಿ ಹಾಲ್ ಆಫ್ ಫೇಮ್, ಅಂದರೆ ಈ ಆಟದ ದೊಡ್ಡವರಿಗೆ ಗೌರವ ಕೊಡುವ ಪಟ್ಟಿ, ಸೇರಿದ. ಈ ಹಾಲ್ ಇರುವುದು ಒಹಾಯೋದ ಕ್ಯಾಂಟನ್‌ನಲ್ಲಿ, ನಮ್ಮಲ್ಲಿಂದ ಕಾರಿನಲ್ಲಿ ಎರಡು ಗಂಟೆಯೊಳಗಿನ ದಾರಿ. ಒಳಗೆ ಆಟಗಾರರ ಕಂಚಿನ ತಲೆಗಳನ್ನು ಸಾಲಾಗಿ ಇಟ್ಟಿದ್ದಾರೆ. ಒಮ್ಮೆ ಹೋಗಿ ಬಂದವರಿಗೆ ಕಾರ್ಡ್ ಹುಚ್ಚು ಹತ್ತುವ ಸಂಭವ ಜಾಸ್ತಿ ಅಂತ ನನ್ನ ಅನುಮಾನ.

ಆಟಗಾರನ ಮೊತ್ತಮೊದಲ ಕಾರ್ಡಿಗೆ ರೂಕಿ ಕಾರ್ಡ್ ಅಂತಾರೆ. ಬೆಲೆ ಎಲ್ಲಾ ಇರುವುದು ಅದರಲ್ಲೇ. ಬ್ರಾಡ್‌ಶಾನ ರೂಕಿ 1971ರ ಟಾಪ್ಸ್ ಸೆಟ್ಟಿನ 156ನೇ ಕಾರ್ಡ್. ಅದೇ ಸೆಟ್ಟಿನಲ್ಲಿ ಸ್ಟೀಲರ್ಸ್‌ನವನೇ ಆದ ಜೋ ಗ್ರೀನ್‌ನ ರೂಕಿಯೂ ಇದೆ, 245ನೇ ನಂಬರು. ಆಗೆಲ್ಲ ಈ ಕಾರ್ಡುಗಳು ಬರುತ್ತಿದ್ದದ್ದು ಬಬಲ್ ಗಮ್ ಪ್ಯಾಕೆಟ್ಟಿನಲ್ಲಿ. ನಮ್ಮ ಕಡೆ ಗಮ್ ಜೊತೆ ಕ್ರಿಕೆಟಿಗರ ಚೀಟಿ ಬರುತ್ತಿತ್ತಲ್ಲ, ಹಾಗೇ. ಹುಡುಗರು ಜೇಬಿಗೆ ತುರುಕುತ್ತಿದ್ದರು, ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು, ಸೈಕಲ್ ಚಕ್ರದ ಕಡ್ಡಿಗೆ ಸಿಕ್ಕಿಸಿ ಪಟಪಟ ಸದ್ದು ಮಾಡಿಸುತ್ತಿದ್ದರು. ಹಾಗಾಗಿ ಒಳ್ಳೆ ಸ್ಥಿತಿಯಲ್ಲಿ ಉಳಿದಿರುವುದು ಕಡಿಮೆ.

1971ರ ಸೆಟ್ಟಿನಲ್ಲಿ ಇನ್ನೊಂದು ತೊಂದರೆ. ಬೇರೆ ಎಷ್ಟೋ ವರ್ಷದ ಕಾರ್ಡುಗಳಿಗೆ ಸುತ್ತ ಬಿಳಿ ಅಂಚು ಇರುತ್ತದೆ. ಈ ಸೆಟ್ಟಿನಲ್ಲಿ ಅಂಚಿಗೆ ಬಣ್ಣ. ಲೀಗಿನ ತಂಡಗಳಲ್ಲಿ ಎರಡು ಗುಂಪು: ಅಮೆರಿಕನ್ ಕಾನ್ಫರೆನ್ಸ್ ತಂಡಗಳಿಗೆ ಕೆಂಪು, ನ್ಯಾಷನಲ್ ಕಾನ್ಫರೆನ್ಸ್‌ಗೆ ನೀಲಿ. ಬ್ರಾಡ್‌ಶಾನದು ಕೆಂಪು. ಬಿಳಿ ಅಂಚು ಸ್ವಲ್ಪ ಸವೆದರೆ ಯಾರ ಕಣ್ಣಿಗೂ ಬೀಳಲ್ಲ. ಕೆಂಪು ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಬಣ್ಣ ಎದ್ದರೂ ಒಳಗಿನ ಬಿಳಿಚಿದ ರಟ್ಟು ಎದ್ದು ಕಾಣುತ್ತದೆ. ಮೂಲೆಯಲ್ಲಿ ನಾಲ್ಕು ಬಿಳಿ ಚುಕ್ಕೆ ಇದ್ದ ಕಾರ್ಡಿಗೂ ಇಲ್ಲದ ಕಾರ್ಡಿಗೂ ಬೆಲೆಯಲ್ಲಿ ಅಜಗಜಾಂತರ. ಮಾರುವವನ ಕೈಗೆ ಕೆಂಪು ಮಾರ್ಕರ್ ಪೆನ್ ಬರುವುದು ಇಲ್ಲೇ.

ಈ ಕಡೆ ಊರೂರಿಗೆ ಫೈರ್ ಹಾಲ್‌ಗಳಿವೆ, ಅಂದರೆ ಅಗ್ನಿಶಾಮಕ ದಳದವರ ಸಭಾಂಗಣ. ಕ್ರಿಶ್ಚಿಯನ್ನರ ಲೆಂಟ್ ಉಪವಾಸದ ಕಾಲ ಬಂದರೆ ಶುಕ್ರವಾರ ಅಲ್ಲಿ ಮೀನು ಕರಿದು ಮಾರುತ್ತಾರೆ, ಬೇರೆ ದಿನ ಮದುವೆ ಊಟ, ಕೆಲವು ವಾರಾಂತ್ಯ ಕಾರ್ಡ್ ಶೋ, ಅಂದರೆ ಮೇಜು ಹಾಕಿಕೊಂಡು ಕಾರ್ಡ್ ಮಾರುವ ಸಂತೆ. ಅಂಥ ಒಂದು ಶೋನಲ್ಲಿ ನನಗೆ ಆ ಮನುಷ್ಯ ಸಿಕ್ಕಿದ. ವಯಸ್ಸಾದವನು, ಬಾಯ್ತುಂಬ ಮಾತು. ನನ್ನ ಮಗನ ಕೈಗೆ ಒಂದು ಹಳೇ ಕಾರ್ಡ್ ಸುಮ್ನೆ ಕೊಟ್ಟ, ದುಡ್ಡು ಬೇಡ ಅಂದ. "ಇದು ನಾನೇ ಚಿಕ್ಕವನಿದ್ದಾಗ ಪ್ಯಾಕೆಟ್ ಬಿಚ್ಚಿ ತೆಗೆದದ್ದು, ಐವತ್ತು ವರ್ಷ ಡಬ್ಬದಲ್ಲಿತ್ತು" ಅಂತ ಬ್ರಾಡ್‌ಶಾನನ್ನು ತೋರಿಸಿದ. ಗಟ್ಟಿ ಪ್ಲಾಸ್ಟಿಕ್ ಕವರಿನೊಳಗೆ ಕಾರ್ಡ್, ಮೇಲೆ ಟೇಪ್ ಅಂಟಿಸಿತ್ತು. ಕೆಂಪು ಅಂಚು ನಾಲ್ಕೂ ಕಡೆ ಕಳೆಕಳೆಯಾಗಿತ್ತು. ಹೊರಗೆ ತೆಗೆದು ನೋಡಲಾ ಅಂದೆ.

"ಬೇಡ ಮಾರಾಯ, ತೆಗೆಯುವಾಗ ಮೂಲೆ ತಗುಲಿ ಹಾಳಾದರೆ ಯಾರು ಹೊಣೆ?" ಅನ್ನೋ ಧಾಟಿಯಲ್ಲಿ ಏನೋ ಹೇಳಿದ. ಕೇಳಲು ನ್ಯಾಯವಾಗೇ ಇತ್ತು. ನಗದಾದರೆ ಐವತ್ತು ಡಾಲರ್ ಬಿಡ್ತೀನಿ ಅಂದ. ಹಾಲ್‌ನ ಮೂಲೆಯಲ್ಲೇ ಎಟಿಎಂ. ರಸೀದಿ ಕೇಳಿದ್ದಕ್ಕೆ ಫೋನ್ ನಂಬರ್ ಬರೆದ ಚೀಟಿ ಕೊಟ್ಟ.

ಮನೆಗೆ ತಂದು ಗ್ರೇಡಿಂಗ್‌ಗೆ ಕಳಿಸಿದೆ. ಗೊತ್ತಿಲ್ಲದವರಿಗೆ: ಗ್ರೇಡಿಂಗ್ ಕಂಪನಿಯವರು ಕಾರ್ಡನ್ನು ಪರೀಕ್ಷೆ ಮಾಡಿ, 1ರಿಂದ 10ರವರೆಗೆ ಅಂಕ ಹಾಕಿ, ಒಡೆಯದೆ ತೆಗೆಯಲಾಗದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡುತ್ತಾರೆ. ಅದಕ್ಕೆ ಸ್ಲ್ಯಾಬ್ ಅಂತ ಹೆಸರು. ಹಾಗೆ ಮಾಡಿಸದ ಕಾರ್ಡ್ ರಾ ಕಾರ್ಡ್. ನಾನು 7 ಬರಬಹುದು ಅಂದುಕೊಂಡಿದ್ದೆ. ಬಂದದ್ದರಲ್ಲಿ ಅಂಕವೇ ಇರಲಿಲ್ಲ. ಲೇಬಲ್ಲಿನಲ್ಲಿ "ಆಥೆಂಟಿಕ್ ಆಲ್ಟರ್ಡ್" ಅಂತ ಎರಡು ಪದ. ಕಾರ್ಡ್ ಅಸಲಿಯೇ, ಆದರೆ ಯಾರೋ ಕೈಯಾಡಿಸಿದ್ದಾರೆ ಅಂತ. ಗ್ರೇಡಿಂಗ್ ಫೀಸೂ ಹೋಯಿತು.

ಆಮೇಲೆ ಸ್ಲ್ಯಾಬನ್ನು ದೀಪದ ಕೆಳಗೆ ಅಡ್ಡ ಹಿಡಿದು ನೋಡಿದೆ. ಹಳೇ ರಟ್ಟಿನ ಪಕ್ಕ ಮಾಸಿದ ಬೂದು ಬಣ್ಣಕ್ಕಿರಬೇಕು. ಬಣ್ಣ ಬಳಿದಿರುವುದು ಮೇಲಿನ ಮುಖಕ್ಕೆ ಮಾತ್ರ ತಾನೆ, ಆಮೇಲೆ ಕತ್ತರಿಸುತ್ತಾರೆ, ಹಾಗಾಗಿ ಪಕ್ಕಕ್ಕೆ ಶಾಯಿ ಬರಲು ದಾರಿಯೇ ಇಲ್ಲ. ನನ್ನ ಕಾರ್ಡಿನ ಎರಡು ಮೂಲೆಯಲ್ಲಿ ಕೆಂಪು ರಟ್ಟಿನೊಳಕ್ಕೇ ಇಳಿದಿತ್ತು, ಎಲೆ ಅಡಿಕೆ ಹಾಕಿದವರ ತುಟಿಯ ಗೆರೆಗಳಲ್ಲಿ ರಸ ಇಳಿದ ಹಾಗೆ. ಮುಖವನ್ನು ಓರೆ ಮಾಡಿ ಬೆಳಕು ಬಿಟ್ಟರೆ ಇನ್ನೂ ಸ್ಪಷ್ಟ. ಅಸಲಿ ಅಂಚಿಗೆ ಒಂದು ಮೆಲು ಹೊಳಪು, ಮಾರ್ಕರ್ ಆಡಿಸಿದ ಜಾಗ ಮಂಕು. ಇದಕ್ಕೆ ತಜ್ಞರೇ ಬೇಕಿಲ್ಲ. ಕವರ್ ಬಿಚ್ಚಲು ಬಿಟ್ಟಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಅದಕ್ಕೇ ಅವನು ಬಿಡಲಿಲ್ಲ.

ಚೀಟಿಯ ನಂಬರಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಅದೇ ಹಾಲ್‌ನ ಮುಂದಿನ ಶೋಗೆ ಹೋದೆ. ಅದೇ ಮೇಜು, ಅದೇ ನಗು. ಸ್ಲ್ಯಾಬ್ ಮುಂದಿಟ್ಟೆ. ಲೇಬಲ್ ಓದಿ, "ಅಸಲಿ ಅಂತಲೇ ಬರೆದಿದ್ದಾರಲ್ಲ! ನಾನು ನಕಲಿ ಮಾರಿದೆನಾ?" ಅಂದ. ಎರಡನೇ ಪದ ತೋರಿಸಿದರೆ, ಅದು ಗ್ರೇಡಿಂಗ್‌ನವರ ಅಭಿಪ್ರಾಯ, ರಾ ಕಾರ್ಡಿಗೆ ವಾಪಸ್ ಇಲ್ಲ ಅಂದ. ಐವತ್ತು ವರ್ಷ ಡಬ್ಬದಲ್ಲಿದ್ದ ಕಾರ್ಡಿಗೆ ಮಾರ್ಕರ್ ಹಚ್ಚಿದ್ದು ಯಾರು ಅಂತ ಕೇಳಿದೆ. ಪಕ್ಕದ ಗಿರಾಕಿ ಕಡೆ ತಿರುಗಿಕೊಂಡ. ಶೋ ನಡೆಸುವವರ ಬಳಿ ಹೋದರೆ, ಮೇಜು ಬಾಡಿಗೆಗೆ ಕೊಡುವುದಷ್ಟೇ ನಮ್ಮ ಕೆಲಸ ಅಂದರು. ಪೆನ್ಸಿಲ್ವೇನಿಯಾದಲ್ಲಿ ಇಂಥ ಸಣ್ಣ ವ್ಯಾಜ್ಯಕ್ಕೆ ಮ್ಯಾಜಿಸ್ಟೀರಿಯಲ್ ಡಿಸ್ಟ್ರಿಕ್ಟ್ ಜಡ್ಜ್ ಕೋರ್ಟ್ ಇದೆ, ವಕೀಲರಿಲ್ಲದೇ ಹೋಗಬಹುದು. ಆದರೆ ರಸೀದಿ ಇಲ್ಲ, ಸಾಕ್ಷಿ ಇಲ್ಲ, ಪೂರ್ತಿ ಹೆಸರೂ ಇಲ್ಲ. ಏನಂತ ಹೋಗೋದು?

ಬಣ್ಣ ಹಚ್ಚುವುದು ಒಂದು ವಿದ್ಯೆಯಾದರೆ ಕತ್ತರಿಸುವುದು ಇನ್ನೊಂದು. ಸವೆದ ಅಂಚನ್ನು ಬ್ಲೇಡಿನಲ್ಲಿ ಕೂದಲೆಳೆಯಷ್ಟು ತೆಗೆದರೆ ಮೂಲೆ ಮತ್ತೆ ಚೂಪಾಗುತ್ತದೆ. 1957ರಿಂದೀಚೆಗೆ ಟಾಪ್ಸ್ ಫುಟ್‌ಬಾಲ್ ಕಾರ್ಡಿನ ಮಾಮೂಲಿ ಅಳತೆ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. 1965ರದ್ದು ಮಾತ್ರ ಉದ್ದನೆಯ ಕಾರ್ಡ್, ಜೋ ನೇಮತ್‌ನ ರೂಕಿ ಇರುವ ಸೆಟ್. ಸ್ಕೇಲ್ ಹಿಡಿದು ಅಳೆಯುವುದಕ್ಕಿಂತ ಸುಲಭದ ದಾರಿ ಇದೆ. ಅದೇ ವರ್ಷದ ಅದೇ ಸೆಟ್ಟಿನ, ಯಾರಿಗೂ ಬೇಡವಾದ ಆಟಗಾರನ ಅಗ್ಗದ ಕಾರ್ಡ್ ಒಂದು ಜೇಬಿನಲ್ಲಿಟ್ಟುಕೊಳ್ಳಿ. ಎರಡನ್ನೂ ಬೆನ್ನಿಗೆ ಬೆನ್ನು ಸೇರಿಸಿ ಮೇಜಿನ ಮೇಲೆ ನಿಲ್ಲಿಸಿದರೆ ಗಿಡ್ಡ ಯಾವುದು ಅಂತ ತಕ್ಷಣ ಗೊತ್ತಾಗುತ್ತದೆ. ಆಗಿನ ಫ್ಯಾಕ್ಟರಿ ಕತ್ತರಿಕೆಯಲ್ಲೂ ಸ್ವಲ್ಪ ಹೆಚ್ಚುಕಮ್ಮಿ ಇತ್ತು, ನಿಜ. ಆದರೆ ಗಿಡ್ಡವೂ ಆಗಿದ್ದು, ಮೂಲೆ ಚಾಕುವಿನ ಹಾಗೆ ಚೂಪೂ ಆಗಿದ್ದರೆ ಕೈಬಿಡಿ.

ಪೂರ್ತಿ ನಕಲಿ ಕಾರ್ಡ್ ಹಿಡಿಯುವುದು ಇವೆರಡಕ್ಕಿಂತ ಸುಲಭ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ಹೆಸರಿನ ಕಪ್ಪು ಅಕ್ಷರ ನೋಡಿ. ಅಸಲಿಯಲ್ಲಿ ಅಕ್ಷರ ಗಟ್ಟಿಯಾಗಿ, ಒಂದೇ ಗೆರೆಯಾಗಿ ಇರುತ್ತದೆ. ಸ್ಕ್ಯಾನ್ ಮಾಡಿ ಅಚ್ಚು ಹಾಕಿದ್ದರಲ್ಲಿ ಅಕ್ಷರವೂ ಚುಕ್ಕೆಚುಕ್ಕೆ. ವಾಲ್ಟರ್ ಪೇಟನ್‌ನ 1976ರ ರೂಕಿ, ಜಿಮ್ ಬ್ರೌನ್‌ನ 1958ರ ರೂಕಿ ನೋಡುವಾಗ ಕನ್ನಡಿ ಜೊತೆಗಿರಲಿ.

ಹಾಗಾದರೆ ಸ್ಲ್ಯಾಬ್ ಆದದ್ದೇ ತಗೊಂಡರೆ ಆಯ್ತಲ್ಲ ಅಂತೀರಿ. ಬಹುಮಟ್ಟಿಗೆ ಹೌದು. ಆದರೂ ಒಂದು ಕಥೆ ಕೇಳಿ, ಇದು ಬೇಸ್‌ಬಾಲ್‌ನದ್ದು. ಹೋನಸ್ ವ್ಯಾಗ್ನರ್‌ನ ಟಿ206 ಅನ್ನೋ ನೂರು ವರ್ಷ ದಾಟಿದ ಕಾರ್ಡ್ ಇದೆ. ಅದರಲ್ಲಿ ಅತ್ಯಂತ ಹೆಸರಾದ ಪ್ರತಿಗೆ ಪಿಎಸ್ಎ ಅನ್ನೋ ಗ್ರೇಡಿಂಗ್ ಕಂಪನಿ 8 ಅಂಕ ಕೊಟ್ಟಿತ್ತು, ಆ ಕಂಪನಿ ಗ್ರೇಡ್ ಮಾಡಿದ ಮೊದಲ ಕಾರ್ಡೇ ಅದು. 2007ರಲ್ಲಿ 28 ಲಕ್ಷ ಡಾಲರಿಗೆ ಮಾರಾಟವಾಯಿತು. 2013ರಲ್ಲಿ ಬಿಲ್ ಮ್ಯಾಸ್ಟ್ರೋ ಅನ್ನೋ ಹರಾಜುದಾರ ಬೇರೆ ವಂಚನೆ ಕೇಸಿನಲ್ಲಿ ತಪ್ಪೊಪ್ಪಿಕೊಳ್ಳುವಾಗ, ಆ ಕಾರ್ಡಿನ ಅಂಚನ್ನು ತಾನೇ ಕತ್ತರಿಸಿದ್ದೆ ಅಂತಲೂ ಒಪ್ಪಿಕೊಂಡ. ಜೈಲಿಗೂ ಹೋದ. ಅಂಥಾ ಕಾರ್ಡಿಗೇ ಹೀಗಾದರೆ! ಸ್ಲ್ಯಾಬ್ ತಗೊಳ್ಳುವಾಗಲೂ ಲೇಬಲ್ಲಿನ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ, ಫೋಟೋ ಇದ್ದರೆ ಎದುರಿಗಿರುವ ಕಾರ್ಡಿನ ಜೊತೆ ಹೋಲಿಸಿ. ಡಬ್ಬಿ, ಲೇಬಲ್ ಎರಡನ್ನೂ ನಕಲು ಮಾಡಿ ಅಸಲಿ ನಂಬರು ಒತ್ತುವವರಿದ್ದಾರೆ. ಮುದ್ರಿತ ಚಿತ್ರ ಎಡಕ್ಕೆ ಎಷ್ಟು ವಾಲಿದೆ, ಬಲಕ್ಕೆ ಎಷ್ಟು ಅನ್ನುವುದು ಎರಡು ಕಾರ್ಡಿನಲ್ಲಿ ಒಂದೇ ಥರ ಇರುವುದು ಅಪರೂಪ. ಅಲ್ಲಿ ಸಿಕ್ಕಿಬೀಳುತ್ತಾರೆ.

ಇನ್ನು "ಇವನು ಈ ವರ್ಷ ಗ್ಯಾರಂಟಿ ಹಾಲ್ ಆಫ್ ಫೇಮ್ ಸೇರ್ತಾನೆ, ಈಗಲೇ ತಗೊಳ್ಳಿ, ಆಮೇಲೆ ಬೆಲೆ ಏರುತ್ತೆ" ಅನ್ನೋ ಮಾತು. ಸ್ಟೀಲರ್ಸ್‌ನ ಡಾನಿ ಶೆಲ್ ಆಟ ಬಿಟ್ಟಿದ್ದು 1987ರಲ್ಲಿ. ಹಾಲ್ ಸೇರಿದ್ದು 2020ರ ಪಟ್ಟಿಯಲ್ಲಿ. ಆ ಮಾತು ನಂಬಿ ಕೂತವನ ಮಗನೂ ಅಷ್ಟರಲ್ಲಿ ಅಜ್ಜನಾಗಿರುತ್ತಾನೆ.

ನಾನು ಎಲ್ಲರಿಗೂ ಹೇಳುತ್ತಿರುವುದು ಒಂದೇ ಪ್ರಶ್ನೆ ಕೇಳಿ ಅಂತ. ಇಷ್ಟು ಚೆನ್ನಾಗಿರುವ ಹಾಲ್ ಆಫ್ ಫೇಮ್ ರೂಕಿ ಇನ್ನೂ ರಾ ಆಗಿ ಯಾಕೆ ಉಳಿದಿದೆ? ವರ್ಷಗಟ್ಟಲೆ ಶೋಗಳಲ್ಲಿ ಮೇಜು ಹಾಕುವವನಿಗೆ ಗ್ರೇಡಿಂಗ್ ಗೊತ್ತಿಲ್ಲವೇ? 8 ಬಂದರೆ ಮೂರ್ನಾಲ್ಕು ಪಟ್ಟು ದುಡ್ಡು ಬರುವಾಗ, ನಿಮಗೆ ಐವತ್ತು ಡಾಲರ್ ಬಿಟ್ಟು ಯಾಕೆ ಕೊಡುತ್ತಾನೆ? ಕಾರಣ ಎಷ್ಟೋ ಸಲ ಒಂದೇ. ಅದು ಒಮ್ಮೆ ಹೋಗಿ ಅಂಕವಿಲ್ಲದೇ ವಾಪಸ್ ಬಂದ ಕಾರ್ಡ್. ಸ್ಲ್ಯಾಬ್ ಒಡೆದು ಬಿಸಾಕಿದರೆ ಲೇಬಲ್ ಕಸದ ಬುಟ್ಟಿಗೆ, ಕಾರ್ಡ್ ಮತ್ತೆ ರಾ. ತಾತ-ಮುತ್ತಾತನ ಡಬ್ಬದ ಕಥೆ ಸೇರಿಸಿದರೆ ಹೊಸ ಗಿರಾಕಿಗೆ ರೆಡಿ. ನನ್ನದೂ ಹಾಗೇ ಬಂದದ್ದಿರಬೇಕು.

ಡಬ್ಲಿನ್, ಒಹಾಯೋದಲ್ಲಿರುವ ಗೆಳೆಯನೊಬ್ಬ, "ಲೋ, ನೀನೂ ಒಡೆದು ಮಾರಿಬಿಡು, ಯಾರಿಗೆ ಗೊತ್ತಾಗುತ್ತೆ" ಅಂದ. ಆಗಲ್ಲ ಅಂದೆ. ಲೇಬಲ್ ಸಮೇತ ಇಟ್ಟುಕೊಂಡಿದ್ದೇನೆ. ಯಾರಿಗಾದರೂ ಮಾರ್ಕರ್ ಹಚ್ಚಿದ ಅಂಚು ಹೇಗಿರುತ್ತೆ ಅಂತ ಕಣ್ಣಾರೆ ನೋಡಬೇಕಿದ್ದರೆ ಮನೆಗೆ ಬನ್ನಿ, ಜೊತೆಗೆ ಒಂದು ಸಾಚಾ 1971ರ ಕೆಂಪು ಅಂಚಿನ ಅಗ್ಗದ ಕಾರ್ಡೂ ತೋರಿಸುತ್ತೇನೆ. ಎರಡನ್ನೂ ಕಿಟಕಿ ಬೆಳಕಿಗೆ ಅಡ್ಡ ಹಿಡಿದು ನೋಡಿದರೆ ಮುಂದಿನ ಶೋನಲ್ಲಿ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ.